ವಿನ್‌ಸ್ಪಿಟ್: ಕಲ್ಲು ಕಡಿದ ಜಾಗದಲ್ಲಿ ನಾದ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಕೌಂಟಿಯಲ್ಲಿ ವರ್ತ್ ಮ್ಯಾಟ್ರಾವರ್ಸ್ ಎಂಬ ಕಲ್ಲುಮನೆಗಳ ಹಳ್ಳಿಯಿದೆ. ಅಲ್ಲಿಂದ ಹುಲ್ಲುಗುಡ್ಡಗಳ ನಡುವಿನ ಕಣಿವೆ ಹಿಡಿದು ಸುಮಾರು ಒಂದೂವರೆ ಕಿಲೋಮೀಟರ್ ಇಳಿದರೆ ಕಡಲಂಚಿನಲ್ಲೇ ವಿನ್‌ಸ್ಪಿಟ್ ಕಲ್ಲುಗಣಿ. 1940ರ ಸುಮಾರಿಗೆ ಕೆಲಸ ನಿಂತ ಈ ಗಣಿಗೆ ಈಗ ಬರುವವರು ಚಾರಣಿಗರು, ಬಂಡೆ ಹತ್ತುವವರು, ಅಪರೂಪಕ್ಕೆ ಕ್ಯಾಮೆರಾದವರು. ‘ಡಾಕ್ಟರ್ ಹೂ’ ಧಾರಾವಾಹಿಯ 1967 ಮತ್ತು 1979ರ ಕಂತುಗಳಿಗೆ ಇಲ್ಲಿ ಚಿತ್ರೀಕರಣ ನಡೆದಿತ್ತು. ಮೈಕು ಹಿಡಿದು ಬರುವವರಿಗೆ ಮಾತ್ರ ಇದು ಬೇರೆಯೇ ಜಾಗ.

ಲಂಡನ್ನಿನ ಕಟ್ಟಡಗಳಿಗೆ ಇಲ್ಲಿಂದ ಸುಣ್ಣಕಲ್ಲು ಹೋಗುತ್ತಿತ್ತು. ಈ ಕರಾವಳಿಯ ಗಣಿಗಳಲ್ಲಿ ಕಲ್ಲನ್ನು ರಾಟೆ ಕಟ್ಟಿ ನೇರವಾಗಿ ದೋಣಿಗೆ ಇಳಿಸುತ್ತಿದ್ದರು; ಗಣಿಗಳು ನೀರಿನಂಚಿಗೇ ಇರುವುದು ಅದಕ್ಕೇ. 1786ರ ಜನವರಿ 6ರಂದು ಭಾರತಕ್ಕೆ ಹೊರಟಿದ್ದ ಈಸ್ಟ್ ಇಂಡಿಯಾ ಕಂಪನಿಯ ‘ಹಾಲ್ಸ್‌ವೆಲ್’ ಹಡಗು ಇದೇ ಬಂಡೆಸಾಲಿಗೆ ಬಡಿದು ಒಡೆದಾಗ, ಬದುಕುಳಿದವರನ್ನು ಹಗ್ಗ ಬಿಟ್ಟು ಮೇಲೆಳೆದವರು ಸುತ್ತಲಿನ ಕಲ್ಲುಕುಟಿಗರು.

ಒಳ್ಳೆಯ ಕಲ್ಲಿನ ಪದರ ಗುಡ್ಡದೊಳಗೆ ಸಾಗಿದಂತೆ ಅವರೂ ಒಳಹೊಕ್ಕರು. ಚಾವಣಿ ಕುಸಿಯದಿರಲೆಂದು ಅಲ್ಲಲ್ಲಿ ಕಂಬಗಳನ್ನು ಕಡಿಯದೆ ಬಿಟ್ಟರು. ಇಂದಿನ ಧ್ವನಿಮುದ್ರಣಕ್ಕೆ ನೆರವಾಗುವುದು ಆ ಕಂಬಗಳೇ. ಎದುರುಬದುರಾದ ನುಣುಪು ಗೋಡೆಗಳ ನಡುವೆ ಚಪ್ಪಾಳೆ ತಟ್ಟಿದರೆ ಸದ್ದು ಪಟಪಟನೆ ಪುಟಿಯುತ್ತದೆ. ಪಿಟೀಲಿನ ನಾದ ಕಲಸಿಹೋಗುತ್ತದೆ. ಅಂಕುಡೊಂಕಾದ ಕಂಬ, ಒರಟು ಗೋಡೆಗಳು ಆ ಸದ್ದನ್ನು ನಾನಾ ದಿಕ್ಕಿಗೆ ಚದುರಿಸುತ್ತವೆ. ಸ್ಟುಡಿಯೊದವರು ಮರದ ಹಲಗೆ ಜೋಡಿಸಿ ಮಾಡುವ ಕೆಲಸವನ್ನು ಇಲ್ಲಿ ಉಳಿಯೇ ಮಾಡಿಟ್ಟಿದೆ.

ಅಡ್ಡಿಯೆಂದರೆ ಸಮುದ್ರ. ಅಲೆಯ ಗುಡುಗು ಬಹುಪಾಲು ತಗ್ಗು ಸ್ವರದ್ದು. ಪಿಟೀಲಿನ ಅತಿ ತಗ್ಗಿನ ತಂತಿ 196 ಹರ್ಟ್ಸ್. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್‌ನಲ್ಲಿ ಕತ್ತರಿಸಿದರೂ ಅದಕ್ಕೆ ನಷ್ಟವಿಲ್ಲ. ಚೆಲ್ಲೋ ಆದರೆ ಕಷ್ಟ. ಅದರ ಕೆಳತಂತಿ ಸುಮಾರು 65 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಇನ್ನು ನೊರೆಯ ‘ಸುಂಯ್’ ಸದ್ದು ತಂತಿಯ ಸ್ವರಗಳ ಜೊತೆಯಲ್ಲೇ ಬೆರೆಯುವುದರಿಂದ ಯಾವ ಫಿಲ್ಟರೂ ಅದನ್ನು ಬೇರ್ಪಡಿಸದು. ಆಗ ಉಳಿಯುವುದು ಜಾಗದ ಆಯ್ಕೆ: ಮುಂದಿನ ಸದ್ದನ್ನಷ್ಟೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನನ್ನು ಕಡಲಿಗೆ ಮಾಡಿ, ವಾದಕರನ್ನು ಗುಹೆಯ ಬಾಯಿಯ ಹತ್ತಿರ ಕೂರಿಸುವುದು. ವಾದಕರ ಹಿಂದೆ ಸಪಾಟು ಬಂಡೆಯಿದ್ದರೆ ಅದು ಅಲೆಯ ಸದ್ದನ್ನೂ ಮೈಕಿಗೇ ವಾಪಸು ಕಳಿಸುತ್ತದೆ. ಕಂಬಗಳ ನಡುವಿನ ಟೊಳ್ಳು ಅಷ್ಟು ಕಳಿಸದು. ಇಷ್ಟಾದರೂ ಕಡಲು ಒಂದಿಷ್ಟು ಉಳಿದೇ ಉಳಿಯುತ್ತದೆ. ಅದು ಬೇಡವೆನ್ನುವವರು ಇಷ್ಟು ದೂರ ಬರಬೇಕಾಗಿಲ್ಲ.

ಗಮನಿಸಿ: ಇಲ್ಲಿನ ಗುಹೆಗಳು ಬಾವಲಿಗಳ ನೆಲೆ; ಕೆಲವಕ್ಕೆ ಸರಳು ಹಾಕಿ ಮುಚ್ಚಲಾಗಿದೆ. ಬಾವಲಿಗಳಿಗೆ ತೊಂದರೆ ಕೊಡುವುದು ಬ್ರಿಟನ್ನಿನಲ್ಲಿ ಅಪರಾಧ. ಚಾವಣಿಯ ಕಲ್ಲು ಉದುರುವ ಅಪಾಯವೂ ಇರುವುದರಿಂದ ಒಳಹೋಗದೆ ಹೊರಗೇ ಮುದ್ರಿಸುವುದು ಲೇಸು. ಜಾಗದ ಮಾಲೀಕರ ಅನುಮತಿ ಮೊದಲೇ ಪಡೆಯಿರಿ. ಗಣಿಯಲ್ಲಿ ವಿದ್ಯುತ್ ಇಲ್ಲ. ಬ್ಯಾಟರಿ, ಮೈಕಿಗೆ ಗಾಳಿಗವಸು ಒಯ್ಯಿರಿ. ತೇವಕ್ಕೆ ಮರದ ವಾದ್ಯಗಳ ಶ್ರುತಿ ಜಾರುವುದರಿಂದ ಪ್ರತಿ ಟೇಕಿಗೂ ಮುನ್ನ ಶ್ರುತಿ ನೋಡಿಕೊಳ್ಳಬೇಕು.

ಹೋಗುವುದು ಹೇಗೆ: ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇರಮ್‌ವರೆಗೆ ರೈಲು. ಅಲ್ಲಿಂದ ರಸ್ತೆಯಲ್ಲಿ ವರ್ತ್ ಮ್ಯಾಟ್ರಾವರ್ಸ್. ಮುಂದೆ ಕಾಲುದಾರಿ, ಸಾಮಾನು ಹೊತ್ತೇ ಇಳಿಯಬೇಕು, ಹೊತ್ತೇ ಹತ್ತಬೇಕು.