ಹಾಡಿಯ ಪಾಠ, ಅಕ್ಕನ ಮೇಷ್ಟ್ರಿಕೆ

ಬಾರ್ಕೂರು ಅಂದ ಕೂಡಲೇ ಬಾಯಿಗೆ ಬರುವುದು ಆಳುಪರ ರಾಜಧಾನಿ, ಕತ್ತಲೆ ಬಸದಿ, ದಿನಕ್ಕೊಂದರಂತೆ 365 ದೇವಸ್ಥಾನ ಇತ್ತೆಂಬ ಮಾತು. ಚೌಳಿಕೇರಿ, ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ ಎಂದು ಕೇರಿಗಳ ಹೆಸರನ್ನು ತಪ್ಪಿಲ್ಲದೆ ಒಪ್ಪಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಆ ಪಟ್ಟಿಯಲ್ಲಿ ಕೊರಗರ ಹಾಡಿ ಬರುವುದಿಲ್ಲ. ಬ್ರಹ್ಮಾವರದಿಂದ ಕುಂದಾಪುರದವರೆಗಿನ ಸೀಮೆಯಲ್ಲಿ, ಊರು ಮುಗಿದು ಮರ ಶುರುವಾಗುವಲ್ಲಿ ನಾಲ್ಕಾರು ಮನೆಗಳ ಗುಂಪಾಗಿ ಇಂಥ ಹಾಡಿಗಳಿವೆ. ಅಲ್ಲಿ ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ, ಅದೇ ಸಮುದಾಯದ ಎಳೆವಯಸ್ಸಿನ ಹೆಣ್ಣುಮಕ್ಕಳನ್ನು ಪರಿಚಯಿಸುವುದು ಈ ಲೇಖನದ ಕೆಲಸ.

ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ ಬುಡಕಟ್ಟುಗಳಲ್ಲಿ ಕರ್ನಾಟಕದವು ಎರಡೇ: ಜೇನುಕುರುಬ ಮತ್ತು ಕೊರಗ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕೊರಗರ ಸಂಖ್ಯೆ ಹದಿನೈದು ಸಾವಿರವನ್ನೂ ಮುಟ್ಟಲಿಲ್ಲ. ಕಾಡಿನ ಬೀಳು (ಬಳ್ಳಿ), ಬಿದಿರು ತಂದು ಬುಟ್ಟಿ ಹೆಣೆಯುವುದು, ಡೋಲು ಬಾರಿಸುವುದು ಕುಲಕಸುಬು; ಈಗ ಪುರಸಭೆ, ಪಂಚಾಯಿತಿಗಳ ಪೊರಕೆಯೂ ಹಲವರ ಕೈಯಲ್ಲೇ. ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಇವರಿಗೆ ಉಣ್ಣಿಸಿ ಅವರ ಕಂಟಕ ಕಳೆಯಿತೆಂದು ನಂಬುವ ಅಜಲು ಪದ್ಧತಿ ಎಂದೋ ಮುಗಿದ ಕತೆಯಲ್ಲ. ಅದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ ಸರ್ಕಾರ ಮಾಡಿದ್ದು 2000ದಲ್ಲಿ. ಇಂದು ಹಾಡಿಯಲ್ಲಿ ಮಗ್ಗಿ ಹೇಳಿಕೊಡುವ ಹುಡುಗಿಯ ಅಜ್ಜಿಗೆ ಅಜಲು ನೆನಪಿರುತ್ತದೆ. ಇದನ್ನು ಗಮನಿಸದೆ 'ಅವರಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಅನ್ನುವುದು ತುಂಬ ಸುಲಭ, ಮತ್ತು ಅಷ್ಟೇ ಸುಳ್ಳು.

ಶಾಲೆಗೆ ಸೇರದವರು ಈಗ ಕಡಿಮೆ. ಸೇರಿದವರು ಉಳಿಯುವುದು ಕಷ್ಟ. ಊರಿನ ಶಾಲೆ ಏಳನೇ ತರಗತಿಗೆ ಮುಗಿದು ಎಂಟಕ್ಕೆ ದೂರ ಹೋಗಬೇಕಾದಾಗ ಒಂದಷ್ಟು ಮಕ್ಕಳು ಜಾರಿಹೋಗುತ್ತಾರೆ. ಹತ್ತನೇ ತರಗತಿಯಲ್ಲಿ ಒಂದು ವಿಷಯ ಹೋದರೆ ಇನ್ನಷ್ಟು. ಹಾಸ್ಟೆಲಿಗೆ ಸೇರಿಸಿದ ಮಗು ಹಬ್ಬಕ್ಕೆಂದು ಮನೆಗೆ ಬಂದರೆ ತಿರುಗಿ ಹೋಗುವುದಿಲ್ಲ. ಇಲ್ಲಿ ಭಾಷೆಯ ತೊಡಕೂ ಇದೆ. ಹಾಡಿಯೊಳಗೆ ಕೊರಗ ಭಾಷೆ, ಗದ್ದೆ-ಅಂಗಡಿಗಳಲ್ಲಿ ಕುಂದಗನ್ನಡ, ತೆಂಕಿಗೆ ಹೋದರೆ ತುಳು, ಪುಸ್ತಕದಲ್ಲಿ ಇವು ಯಾವುದೂ ಅಲ್ಲದ ಕನ್ನಡ. ಆರು ವರ್ಷದ ಮಗು ಇಷ್ಟೆಲ್ಲ ದಾಟಿ 'ಅ ಆ ಇ ಈ'ಗೆ ಬರಬೇಕು. ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತರೆ ದಡ್ಡ ಎಂಬ ಹೆಸರು.

ಸಂಜೆ ಪಾಠ ಹೇಳುವ ಅಕ್ಕ ಬೇಕಾಗುವುದು ಇಲ್ಲಿ. ಅವಳು ಪಿಯುಸಿ ಮುಗಿಸಿರಬಹುದು, ಪದವಿಯಲ್ಲಿರಬಹುದು. ತರಬೇತಿ ಪಡೆದ ಶಿಕ್ಷಕಿಯಲ್ಲ. ಆದರೆ ಯಾವ ಮನೆಯಲ್ಲಿ ರಾತ್ರಿ ಜಗಳವಾಯಿತು, ಯಾರು ಉಣ್ಣದೆ ಬಂದಿದ್ದಾರೆ, ಯಾರ ಅಪ್ಪನ ಜತೆ ಮಾತಾಡಿದರೆ ಮಗು ನಾಳೆ ಶಾಲೆಗೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತು. 'ಹ್ವಾಯ್, ಶಾಲಿಗ್ ಹೋಯ್ಲ್ಯಾ?' ಎಂದು ಅವಳು ಅಂಗಳದಲ್ಲಿ ನಿಂತು ಕೇಳಿದರೆ ಅದು ಅಧಿಕಾರಿಯ ವಿಚಾರಣೆ ಅನಿಸುವುದಿಲ್ಲ. ಕಳೆಯುವ ಲೆಕ್ಕದಲ್ಲಿ 'ದಶಕ' ಅರ್ಥವಾಗದಿದ್ದರೆ ಹತ್ತು ಬೀಳಿನ ಕಟ್ಟು ಬಿಚ್ಚಿ ತೋರಿಸುವುದು ಅವಳಿಗೆ ಸಹಜ.

ಈ ಉಪಾಯ ಫಲ ಕೊಡುತ್ತದೆ ಎನ್ನಲು ಆಧಾರವೂ ಇದೆ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದ ಸರ್ಕಾರಿ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆಯ 'ಬಾಲಸಖಿ' ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದು ನೋಡಿದರು. ಪ್ರೌಢಶಾಲೆ ಮುಗಿಸಿದ ಸ್ಥಳೀಯ ಯುವತಿಗೆ ಎರಡು ವಾರದ ತರಬೇತಿ, ತಿಂಗಳಿಗೆ ಐನೂರರಿಂದ ಏಳುನೂರೈವತ್ತು ರೂಪಾಯಿ. ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಪಾಠ ಹೇಳುವುದು ಅವಳ ಕೆಲಸ. ಎರಡನೇ ವರ್ಷದ ಹೊತ್ತಿಗೆ ಆ ಮಕ್ಕಳ ಅಂಕಗಳು ಕಣ್ಣಿಗೆ ಕಾಣುವಷ್ಟು ಏರಿದವು. ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು: ಈ ಮಕ್ಕಳು ಎದ್ದು ಹೋದ ಮೇಲೆ ತರಗತಿ ಚಿಕ್ಕದಾಯಿತಲ್ಲ, ಅಲ್ಲಿ ಉಳಿದವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಅಂದರೆ ಫಲ ಬಂದದ್ದು ಬಾಲಸಖಿಯಿಂದಲೇ. ಬ್ಯಾನರ್ಜಿ, ಡುಫ್ಲೊ 2019ರಲ್ಲಿ ನೊಬೆಲ್ ಪಡೆದರು. ಬಾಲಸಖಿಯರಿಗೆ ಏನು ಸಿಕ್ಕಿತೆಂದು ಕೇಳುವುದು ಅಧಿಕಪ್ರಸಂಗವಿರಬಹುದು, ಆದರೂ ಕೇಳಬೇಕೆನಿಸುತ್ತದೆ.

ಶಾಲೆಯಿಂದ ದೂರ ಉಳಿದ ಮಕ್ಕಳಿಗೆ ಪಾಠದ ದಾರಿ ತೆರೆಯುವುದು ನಮ್ಮ ಕರಾವಳಿಗೆ ಹೊಸದೂ ಅಲ್ಲ. ಕುದ್ಮುಲ್ ರಂಗರಾವ್ 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಊರವರ ವಿರೋಧ ಕಟ್ಟಿಕೊಳ್ಳಬೇಕಾಯಿತು. ತಮ್ಮ ಶಾಲೆಯಲ್ಲಿ ಓದಿದ ಮಗು ಕಾರಿನಲ್ಲಿ ಓಡಾಡಿ ಅದರ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದು ಅವರಾಡಿದ ಮಾತನ್ನು ಭಾಷಣಕಾರರೆಲ್ಲ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಶಾಲೆಗೆ ಬಂದ ಮಗುವಿಗೆ ಅವರು ಊಟದ ಜತೆ ದಿನಕ್ಕೆ ಕೊಡುತ್ತಿದ್ದ ಎರಡು ಪೈಸೆ. ಮಗು ಓದಲು ಬಂದರೆ ಮನೆಗೆ ಒಂದು ಕೂಲಿ ಕಡಿಮೆಯಾಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಬಾರ್ಕೂರಿನಿಂದ ಉತ್ತರಕ್ಕೆ, ಆನೆಗುಡ್ಡೆ ದೇವಸ್ಥಾನದ ಕುಂಭಾಶಿಯಲ್ಲಿ ಕೊರಗ ಮಕ್ಕಳಿಗಾಗಿ 'ಮಕ್ಕಳ ಮನೆ' ಇದೆ. ಅದರ ಹಿಂದೆ ನಿಂತವರು ಸಮುದಾಯದವರೇ. ಹೊರಗಿನಿಂದ ಬಂದ ಉಪಕಾರವಲ್ಲ. ಸಂಘಟನೆಯ ಈ ಹುರುಪಿಗೆ ಬೇರು 1993ರ ಆಗಸ್ಟ್ 18ರಲ್ಲಿದೆ. ಅಂದು ಕೊರಗರು ಭೂಮಿ ಕೇಳಿ ಮಂಗಳೂರಿನಲ್ಲಿ ಮೆರವಣಿಗೆ ಹೊರಟರು. ಆ ದಿನ ಈಗಲೂ ಭೂಮಿ ಹಬ್ಬ. ಕೊರಗರ ಸ್ಥಿತಿಗತಿ ಕುರಿತು ಮರುವರ್ಷ ಬಂದ ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದಿತು. ಭೂಮಿ ಪೂರ್ತಿ ಬರಲಿಲ್ಲ. ಆದರೆ ಕೇಳುವುದನ್ನು ಕಲಿತ ತಲೆಮಾರು ತನ್ನ ಮಕ್ಕಳ ಓದನ್ನೂ ಕೇಳತೊಡಗಿತು. ಬಾರ್ಕೂರಿಗೆ ಹತ್ತಿರದ ಗುಂಡ್ಮಿಯಿಂದ ಹೊರಟ ಕೊರಗ ಸಮುದಾಯದ ಸಬಿತಾ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪಾಠ ಹೇಳುವಷ್ಟಕ್ಕೆ ಬೆಳೆದರು. ಹಾಡಿಯ ಹುಡುಗಿಗೆ ಸಾವಿತ್ರಿಬಾಯಿ ಫುಲೆ ಪಠ್ಯದ ಚಿತ್ರ. ಗುಂಡ್ಮಿಯ ಸಬಿತಾ ಬಸ್ಸಿನಲ್ಲಿ ಸಿಗಬಹುದಾದವರು.

ಇಷ್ಟಾದರೂ ಅಕ್ಕನ ಕೆಲಸಕ್ಕೆ ನೆಲೆಯಿಲ್ಲ. ಗೌರವಧನ ಬಂದರೆ ಬಂತು. ಮದುವೆಯಾಗಿಯೋ ಗೇರುಬೀಜದ ಕಾರ್ಖಾನೆಗೆ, ಉಡುಪಿಯ ಅಂಗಡಿಗೆ ಕೆಲಸಕ್ಕೆ ಸೇರಿಯೋ ಅವಳು ಹೊರಟರೆ ಪಾಠ ಅಂದಿಗೇ ನಿಂತಿತು. ಪದವಿ ಪಡೆದ ಕೊರಗ ಯುವಜನ ನೇರ ನೇಮಕಾತಿ ಕೇಳುತ್ತ ಬಂದಿರುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ: ಓದಿದ ಅಕ್ಕ ಮನೆಯಲ್ಲೇ ಕೂತಿದ್ದರೆ ಅವಳ ಪಾಠ ಕೇಳುವ ತಂಗಿ ಏನೆಂದು ನಂಬಬೇಕು? 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನ್‌ಮನ್ ಯೋಜನೆಯಲ್ಲಿ ಮನೆ, ರಸ್ತೆ, ಅಂಗನವಾಡಿ, ಹಾಸ್ಟೆಲು ಎಲ್ಲ ಇವೆ. ಅಕ್ಕನ ಸಂಬಳಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗ್ರಾಮ ಪಂಚಾಯಿತಿಗಳ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆಂದು ಮೀಸಲಾದ ಶೇ 25ರ ನಿಧಿ ಇದೆ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು.

ಹೋಗಿ ನೋಡುವ ಮನಸ್ಸಿರುವವರು ಸಂಜೆ ಐದರ ಮೇಲೆ, ಮೊದಲೇ ತಿಳಿಸಿ ಹೋಗುವುದು ಒಳ್ಳೆಯದು. ಹಳೇ ಬಟ್ಟೆಯ ಗಂಟು, ಫೋಟೊ ತೆಗೆಯುವ ಉತ್ಸಾಹ ಎರಡೂ ಮನೆಯಲ್ಲಿರಲಿ. ದಪ್ಪ ಅಕ್ಷರದ ಕನ್ನಡ ಕತೆ ಪುಸ್ತಕ, ನಾಲ್ಕು ಗೆರೆಯ ಕಾಪಿ, ಮಳೆಗಾಲವಾದರೆ ಗಟ್ಟಿ ಕೊಡೆ ಮತ್ತು ಚಾರ್ಜ್ ಆಗುವ ದೀಪ ಕೆಲಸಕ್ಕೆ ಬರುತ್ತವೆ. ಹತ್ತನೇ ತರಗತಿಯ ಗಣಿತ, ಇಂಗ್ಲಿಷ್ ಗೊತ್ತಿದ್ದರೆ ವಾರಕ್ಕೊಂದು ಸಂಜೆ ಕೊಡಬಹುದು. ಪಾಠ ಎಲ್ಲಿಂದ ಶುರುಮಾಡಬೇಕೆಂದು ಅಕ್ಕನನ್ನು ಕೇಳಿ.