ಹಿಗ್ಗಿದ್ದೆಲ್ಲ ಸ್ಪಷ್ಟವಲ್ಲ

ಇಂಗ್ಲೆಂಡಿನ ಸರ್ರೆ ಪ್ರಾಂತದ ಬಿಸ್ಲಿ ಎಂಬ ಊರು 1890ರಿಂದಲೂ ರೈಫಲ್ ಗುರಿಸ್ಪರ್ಧೆಗಳಿಗೆ ಹೆಸರುವಾಸಿ. ಅಲ್ಲಿನ ಸ್ಟಿಕಲ್‌ಡೌನ್ ಮೈದಾನದಲ್ಲಿ 1000 ಗಜ, ಅಂದರೆ ಸುಮಾರು 914 ಮೀಟರ್ ದೂರದ ಗುರಿಹಲಗೆಗೆ ಗುಂಡು ಹಾರಿಸುತ್ತಾರೆ. ‘ಎಫ್-ಕ್ಲಾಸ್’ ಎಂಬ ವಿಭಾಗದಲ್ಲಿ ರೈಫಲ್ಲಿನ ಮೇಲೆ ದೂರದರ್ಶಕ ಕೂರಿಸಿಕೊಳ್ಳಲು ಅನುಮತಿಯುಂಟು. ಕೆನಡಾದ ಜಾರ್ಜ್ ಫಾರ್ಕರ್ಸನ್ ಎಂಬುವರ ಹೆಸರಿನ ಮೊದಲ ಅಕ್ಷರವೇ ಈ ‘ಎಫ್’. ಸ್ಪರ್ಧಿಗಳ ದೂರದರ್ಶಕಗಳು ವಸ್ತುವನ್ನು 40 ಪಟ್ಟು, 50 ಪಟ್ಟು ಹಿಗ್ಗಿಸಿ ತೋರಿಸುವಷ್ಟು ಶಕ್ತಿಯುತ.

ಹೀಗಿದ್ದೂ ಒಂದು ವಿಚಿತ್ರ ನೋಡಿ. ಇತ್ತೀಚೆಗೆ ಕೆಲವೆಡೆ ಎಲೆಕ್ಟ್ರಾನಿಕ್ ಗುರಿಹಲಗೆಗಳು ಬಂದಿವೆ, ನಿಜ. ಆದರೆ ಹಳೆಯ ಪದ್ಧತಿಯಲ್ಲಿ, ಪ್ರತಿ ಗುಂಡು ಬಿದ್ದ ಮೇಲೂ ಹಲಗೆಯನ್ನು ಕೆಳಗಿನ ಕಂದಕಕ್ಕೆ ಇಳಿಸುತ್ತಾರೆ. ಅಲ್ಲಿರುವವರು ತೂತಿನ ಜಾಗದಲ್ಲಿ ಎದ್ದುಕಾಣುವ ಬಿಲ್ಲೆಯೊಂದನ್ನು ಸಿಕ್ಕಿಸಿ ಹಲಗೆಯನ್ನು ಮತ್ತೆ ಮೇಲೆತ್ತುತ್ತಾರೆ. 40 ಪಟ್ಟು ಹಿಗ್ಗಿಸುವ ಯಂತ್ರ ಕಣ್ಣೆದುರಿಗಿರುವಾಗ ಈ ಬಿಲ್ಲೆಯ ಹಂಗೇಕೆ? ಈ ಪ್ರಶ್ನೆಗೆ ಹೈಸ್ಕೂಲು ಮತ್ತು ಪಿಯುಸಿಯ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ.

ಕಣ್ಣಿನ ಲೆಕ್ಕ

ಒಂದು ಡಿಗ್ರಿಯ 60ನೇ ಒಂದು ಭಾಗ ಒಂದು ಮಿನಿಟು. ಅದರ 60ನೇ ಒಂದು ಭಾಗ ಒಂದು ಸೆಕೆಂಡು. ಇವು ಗಡಿಯಾರದವಲ್ಲ, ಕೋನದ ಅಳತೆಗಳು. ಆರೋಗ್ಯವಂತ ಕಣ್ಣು ಸುಮಾರು ಒಂದು ಮಿನಿಟಿನಷ್ಟು ಕೋನದ ವಿವರವನ್ನು ಗುರುತಿಸಬಲ್ಲದು. ಈ ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವ .308 ಅಳತೆಯ ಗುಂಡಿನ ವ್ಯಾಸ 7.8 ಮಿಲಿಮೀಟರ್. ಅಷ್ಟೇ ಅಗಲದ ತೂತು 914 ಮೀಟರ್ ದೂರದಿಂದ ಕಣ್ಣಿನಲ್ಲಿ ಮಾಡುವ ಕೋನ ಕೇವಲ 1.76 ಸೆಕೆಂಡು. ಅದನ್ನು 60 ಸೆಕೆಂಡಿಗೆ ಏರಿಸಲು ಸುಮಾರು 34 ಪಟ್ಟು ವರ್ಧನೆ ಸಾಕು. ಹಾಗಾದರೆ 40 ಪಟ್ಟು ಧಾರಾಳವಾಯಿತಲ್ಲ ಎಂದು ಯಾವ ವಿದ್ಯಾರ್ಥಿಯಾದರೂ ಕೇಳಿಯಾನು. ಕಾಗದದ ಮೇಲೆ ಅದು ಸರಿ. ಆದರೆ ಬೆಳಕು ಇನ್ನೂ ಎರಡು ಸುಂಕದ ಕಟ್ಟೆಗಳನ್ನು ದಾಟಿ ಬರಬೇಕು.

ಮಸೂರದ ಮಿತಿ

ಮೊದಲನೆಯದು ಮಸೂರ. ಬೆಳಕು ಅಲೆಯಾದ್ದರಿಂದ ಮಸೂರದ ಅಂಚನ್ನು ಹಾಯುವಾಗ ತುಸು ಹರಡಿಕೊಳ್ಳುತ್ತದೆ. ಇದೇ ವಿವರ್ತನೆ. ವಸ್ತುಮಸೂರದ ವ್ಯಾಸ 56 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಹಸಿರು ಬೆಳಕಿನ ತರಂಗದೂರವನ್ನು (550 ನ್ಯಾನೋಮೀಟರ್) 1.22ರಿಂದ ಗುಣಿಸಿ, ಮಸೂರದ ವ್ಯಾಸದಿಂದ ಭಾಗಿಸಿದರೆ ಸುಮಾರು 2.5 ಸೆಕೆಂಡು ಬರುತ್ತದೆ. ದೋಷವೇ ಇಲ್ಲದ ಮಸೂರಕ್ಕೂ ಇದೇ ಎಲ್ಲೆ. 914 ಮೀಟರಿನಲ್ಲಿ ಇದು ಸುಮಾರು 11 ಮಿಲಿಮೀಟರಿಗೆ ಸಮ. 7.8 ಮಿಲಿಮೀಟರಿನ ತೂತು ಆ ಮಸುಕಿನೊಳಗೇ ಕರಗಿಹೋಗುತ್ತದೆ!

ಪತ್ರಿಕೆಯಲ್ಲಿ ಅಚ್ಚಾದ ಒಂದು ಚಿತ್ರವನ್ನು ಭೂತಗನ್ನಡಿಯಿಂದ ನೋಡಿ. ಮುಖದ ಹೊಸ ವಿವರವೇನೂ ಸಿಗದು, ಚುಕ್ಕೆಗಳಷ್ಟೇ ದೊಡ್ಡದಾಗುತ್ತವೆ. ವಸ್ತುಮಸೂರ ಹಿಡಿದು ತರದ ವಿವರವನ್ನು ನೇತ್ರಮಸೂರ ಸೃಷ್ಟಿಸಲಾರದು.

ಬೆಳಕಿನ ನಷ್ಟ ಬೇರೆ. 56 ಮಿಲಿಮೀಟರ್ ಮಸೂರದಲ್ಲಿ ವರ್ಧನೆಯನ್ನು 40ಕ್ಕೆ ಏರಿಸಿದಾಗ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ 56 ಭಾಗಿಸು 40, ಅಂದರೆ 1.4 ಮಿಲಿಮೀಟರ್. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ 2ರಿಂದ 3 ಮಿಲಿಮೀಟರ್ ತೆರೆದಿರುತ್ತದೆ. ಆದ್ದರಿಂದ ಬಿಂಬ ಮಂಕಾಗುತ್ತದೆ, ಕಾಣುವ ಕ್ಷೇತ್ರವೂ ಕಿರಿದಾಗುತ್ತದೆ. ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುವುದರಿಂದ ಎಫ್-ಕ್ಲಾಸಿನವರು ಮಲಗಿಕೊಂಡು, ರೈಫಲ್ಲಿಗೆ ಆಸರೆ ಕೊಟ್ಟೇ ಗುರಿಯಿಡುತ್ತಾರೆ.

ನಡುವೆ ಇರುವ ಗಾಳಿ

ಎರಡನೆಯ ಸುಂಕದ ಕಟ್ಟೆ ಗಾಳಿ. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿಯ ಪದರಗಳ ಸಾಂದ್ರತೆ ಒಂದೇ ಸಮನೆ ಬದಲಾಗುತ್ತಿರುತ್ತದೆ. ಬೆಳಕು ವಕ್ರೀಭವನಗೊಂಡು ಅತ್ತಿತ್ತ ಬಾಗುತ್ತದೆ. ಉರಿಯುವ ಒಲೆಯ ಆಚೆಗಿನ ಗೋಡೆ ಕುಣಿದಂತೆ ಕಾಣುವುದಿಲ್ಲವೇ, ಹಾಗೆಯೇ ಗುರಿಹಲಗೆಯೂ ಕುದಿಯುವಂತೆ ಕಾಣುತ್ತದೆ. ವರ್ಧನೆ ಹೆಚ್ಚಿಸಿದರೆ ಈ ಕುದಿತವೂ ಹೆಚ್ಚುತ್ತದೆ. ಆಗ ಅನುಭವಿಗಳು ವರ್ಧನೆಯನ್ನು ಇಳಿಸಿಬಿಡುತ್ತಾರೆ.

ಜಾಣರಿಗೆ ಈ ಕುದಿತವೂ ಒಂದು ಪಾಠವೇ. ಅದು ಯಾವ ಕಡೆಗೆ ಹರಿಯುತ್ತಿದೆ ಎಂಬುದರಿಂದ ಗಾಳಿಯ ದಿಕ್ಕನ್ನು ಓದಬಹುದು. ಪಕ್ಕದಿಂದ ಬೀಸುವ ಗಾಳಿಯ ವೇಗ ಗಂಟೆಗೆ ಒಂದೆರಡು ಕಿಲೋಮೀಟರಿನಷ್ಟು ಬದಲಾದರೂ, ಆ ದೂರದಲ್ಲಿ ಗುಂಡು ಕಾಲು ಮೀಟರಿನಷ್ಟು ಸರಿಯಬಲ್ಲದು. ಅಮೆರಿಕದ ಎಫ್-ಕ್ಲಾಸ್ ಹಲಗೆಯ ನಟ್ಟನಡುವಿನ ವೃತ್ತದ ವ್ಯಾಸವಾದರೋ ಬರೀ 5 ಅಂಗುಲ! ದೂರದರ್ಶಕ ಗುರಿಯನ್ನು ತೋರಿಸೀತು. ಗಾಳಿಯ ಲೆಕ್ಕವನ್ನು ಮನುಷ್ಯನೇ ಹಾಕಬೇಕು.

ಪ್ರಯೋಗಾಲಯದ ಸೂಜಿ

ದೂರದರ್ಶಕದೊಳಗೆ ಕಾಣುವ ಅಡ್ಡಗೆರೆಗಳ ಕತೆಯೂ ಸ್ವಾರಸ್ಯವಾದದ್ದು. 1640ರ ಸುಮಾರಿಗೆ ವಿಲಿಯಂ ಗ್ಯಾಸ್ಕಾಯಿನ್ ಎಂಬ ಇಂಗ್ಲಿಷ್ ಖಗೋಳವಿಜ್ಞಾನಿಯ ದೂರದರ್ಶಕದೊಳಗೆ ಜೇಡವೊಂದು ಎಳೆ ನೇಯ್ದಿತ್ತಂತೆ. ಬಿಂಬ ಮೂಡುವ ಜಾಗದಲ್ಲೇ ಇದ್ದುದರಿಂದ ಆ ಎಳೆ ಸ್ಪಷ್ಟವಾಗಿ ಕಂಡಿತು. ಗುರಿಗೆರೆಯ ವಿಚಾರ ಹೊಳೆದದ್ದು ಹಾಗೆ.

ಬಿಂಬ ಮತ್ತು ಗೆರೆ ಒಂದೇ ಸಮತಲದಲ್ಲಿ ಇಲ್ಲದಿದ್ದರೆ, ತಲೆಯನ್ನು ಕೊಂಚ ಸರಿಸಿದರೂ ಗೆರೆ ಗುರಿಯ ಮೇಲಿಂದ ಜಾರುತ್ತದೆ. ಇದೇ ಪ್ಯಾರಲ್ಯಾಕ್ಸ್. ನಿಮ್ನದರ್ಪಣದ ಸಂಗಮದೂರ ಕಂಡುಹಿಡಿಯುವಾಗ ತಲೆಯನ್ನು ಎಡಬಲಕ್ಕೆ ಆಡಿಸಿ ಸೂಜಿಯನ್ನೂ ಅದರ ಬಿಂಬವನ್ನೂ ಹೊಂದಿಸುವ ಪ್ರಯೋಗ ನೆನಪಿದೆಯೇ? ಬಿಸ್ಲಿಯ ಸ್ಪರ್ಧಿ ದೂರದರ್ಶಕದ ಗುಬುಟು ತಿರುಗಿಸಿ ಮಾಡುವುದೂ ಅದನ್ನೇ. ಅಂಕಕ್ಕಾಗಿ ಮಾಡುವ ಆ ಪ್ರಯೋಗಕ್ಕೆ ಮೈದಾನದಲ್ಲಿ ಎಷ್ಟು ಬೆಲೆ ಎಂಬುದು ಈಗ ತಿಳಿಯಿತಲ್ಲ.

ಪಾಲಕರಿಗೊಂದು ಮಾತು

ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕಕ್ಕೆ ಅವಕಾಶವೇ ಇಲ್ಲ. 10 ಮೀಟರ್ ಏರ್ ರೈಫಲ್ ಗುರಿಯ ನಡುವಿನ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ, ಹಿಗ್ಗಿಸುವ ಮಸೂರದ ನೆರವಿಲ್ಲದೆ. ಸ್ಥಿರವಾದ ದೇಹ, ಹಿಡಿತದಲ್ಲಿರುವ ಉಸಿರು, ವರ್ಷಗಳ ಅಭ್ಯಾಸ ಇವು ಅಂಗಡಿಯಲ್ಲಿ ಸಿಗುವ ವಸ್ತುಗಳಲ್ಲ.

ಮಕ್ಕಳಿಗೆ ಆಕಾಶ ನೋಡಲು ದೂರದರ್ಶಕ ಕೊಡಿಸುವಾಗಲೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಡಬ್ಬಿಯ ಮೇಲೆ ‘500 ಪಟ್ಟು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಮರುಳಾಗಬೇಡಿ. ವಸ್ತುಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂದು ಕೇಳಿ, ಅದನ್ನು ಎರಡರಿಂದ ಗುಣಿಸಿ. 60 ಮಿಲಿಮೀಟರ್ ಮಸೂರಕ್ಕೆ ಸುಮಾರು 120 ಪಟ್ಟು. ಉಪಯುಕ್ತ ವರ್ಧನೆ ಅಲ್ಲಿಗೆ ಮುಗಿಯಿತು. ಬಳಿಕ ನಿಲುಗಾಲನ್ನು ಮೆಲ್ಲಗೆ ತಟ್ಟಿ, ನಡುಗುತ್ತದೆಯೇ ನೋಡಿ. ಮನೆಗೆ ತಂದ ಮೇಲೆ ಯಾವ ದೂರದರ್ಶಕದಿಂದಲೂ ಸೂರ್ಯನನ್ನು ನೋಡಬಾರದೆಂದು ಮಗುವಿಗೆ ತಪ್ಪದೆ ಹೇಳಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗಬಹುದು. ಗುಣಾಕಾರವನ್ನು ಮಾತ್ರ ಮಗುವೇ ಮಾಡಲಿ. ದುಡ್ಡು ಕೊಡುವ ಮುನ್ನ, ಅಂಗಡಿಯಲ್ಲೇ.