ಬಗ್ಗಡದ ಟ್ಯಾಂಕಿನ ವಾಲ್ವ್ ಕೆಟ್ಟಾಗ

ಹಿಂದೊಮ್ಮೆ ಬೇಸಿಗೆಯಲ್ಲಿ ಮಲೆನಾಡಿನ ಅಡಿಕೆ ತೋಟವೊಂದಕ್ಕೆ ಹೋಗಿದ್ದೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕೂರಿಸಿದ ಟ್ಯಾಂಕಿನಲ್ಲಿ ಗೋಬರ್ ಗ್ಯಾಸ್ ಬಗ್ಗಡ ತುಂಬಿಸಿ ತೋಟಕ್ಕೆ ಸಾಗಿಸುವುದು ಅಲ್ಲಿನ ವಾಡಿಕೆ. ಆ ದಿನ ಹಿಂಬದಿಯ ಗೇಟ್ ವಾಲ್ವ್ ತೆರೆಯದೆ ಕಚ್ಚಿಕೊಂಡಿತ್ತು. ಪಂಪಿನಿಂದ ಮುಕ್ಕಾಲು ಭಾಗ ಹೊರತೆಗೆದಿದ್ದರು. ಮೊಣಕಾಲುದ್ದ ಬಗ್ಗಡ ತಳದಲ್ಲಿ ಉಳಿದಿತ್ತು. ಯಜಮಾನರ ಮಗ ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು, ಟ್ಯಾಂಕಿನ ಮೇಲಿನ ಬಾಯಿಯಿಂದ ಒಳಗಿಳಿಯಲು ಸಿದ್ಧನಾಗಿದ್ದ. "ಏನೂ ಆಗಲ್ಲ ಸಾರ್, ಎರಡು ನಿಮಿಷದ ಕೆಲಸ" ಎಂದ. ಕೈ ಹಿಡಿದು ಕೆಳಗಿಳಿಸಿದೆ. ವಾಲ್ವ್ ದುರಸ್ತಿಯ ಮಾತಿಗೆ ಮೊದಲು ಆ ಎರಡು ನಿಮಿಷಗಳ ಮಾತು ಹೇಳಬೇಕು.

ಒಳಗಿಳಿದರೆ ಏನಾಗುತ್ತದೆ?

ಸಗಣಿ ಗಾಳಿಯಿಲ್ಲದೆ ಕೊಳೆಯುವಾಗ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಇದು ಗಾಳಿಗಿಂತ ಭಾರ. ಹಾಗಾಗಿ ಟ್ಯಾಂಕಿನ ತಳದಲ್ಲೇ ಕೂರುತ್ತದೆ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ಮುಟ್ಟಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದು. 500 ದಾಟಿದರೆ ಮನುಷ್ಯ ಕುಸಿದು ಬೀಳುತ್ತಾನೆ. 1000 ಮುಟ್ಟಿದರೆ ಒಂದೆರಡು ಉಸಿರೇ ಸಾಕು. ನಿಂತ ಬಗ್ಗಡವನ್ನು ಕೋಲಿನಿಂದ ಕಲಕಿದ ಕೂಡಲೇ ಅದರೊಳಗೆ ಸಿಕ್ಕಿಬಿದ್ದ ಅನಿಲ ಒಮ್ಮೆಗೇ ಮೇಲೇಳುತ್ತದೆ. "ವಾಸನೆ ಇಲ್ಲ, ಆದ್ದರಿಂದ ಭಯವಿಲ್ಲ" ಎಂಬ ಲೆಕ್ಕ ಇಲ್ಲಿ ನಡೆಯದು.

ಒಬ್ಬ ಬಿದ್ದನೆಂದು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಬೀಳುತ್ತಾನೆ. ಅಂಥ ಸಂದರ್ಭದಲ್ಲಿ ಯಾರೂ ಇಳಿಯದೆ, ಕೂಡಲೇ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು.

ವಾಲ್ವ್ ಏಕೆ ಕೆಡುತ್ತದೆ?

ನೀರಿಗೆಂದು ಮಾಡಿದ ವಾಲ್ವನ್ನು ಬಗ್ಗಡಕ್ಕೆ ಹಾಕುವುದು ಮೊದಲ ಕಾರಣ. ಚಕ್ರ ತಿರುಗಿಸುವ ಹಿತ್ತಾಳೆಯ ಗೇಟ್ ವಾಲ್ವಿನ ತಳದಲ್ಲಿ ಹುಲ್ಲಿನ ನಾರು, ಮರಳು ಸೇರಿ ಗೇಟು ಪೂರ್ತಿ ಕೂರುವುದಿಲ್ಲ. ಮೇಲಾಗಿ ಹೈಡ್ರೋಜನ್ ಸಲ್ಫೈಡ್ ಹಿತ್ತಾಳೆಯನ್ನು ಕಪ್ಪಾಗಿಸಿ ತಿನ್ನುತ್ತದೆ. ತೆಳುವಾದ ಅಡ್ಡ ತಗಡು ಜಾರಿ ಮುಚ್ಚುವ ವಾಲ್ವ್ ಈ ಕೆಲಸಕ್ಕೆ ಉತ್ತಮ. ತಗಡು ತುಕ್ಕು ಹಿಡಿಯದ ಉಕ್ಕಿನದಾಗಿರಲಿ.

ಎರಡನೆಯದು, ತೊಳೆಯದೆ ಬಿಡುವುದು. ಸಂದಿಯಲ್ಲಿ ಒಣಗಿದ ಬಗ್ಗಡ ಗಾರೆಯಂತೆ ಗಟ್ಟಿಯಾಗುತ್ತದೆ. ಮೂರನೆಯದು, ಬಲಪ್ರಯೋಗ. ಹಿಡಿಗೆ ಪೈಪು ಸಿಕ್ಕಿಸಿ ಜಗ್ಗಿದರೆ ಸರಳು ಬಾಗುತ್ತದೆ, ಇಲ್ಲವೇ ತಗಡಿನಿಂದ ಕಳಚಿಕೊಳ್ಳುತ್ತದೆ. ನಾಲ್ಕನೆಯದು, ಟ್ರೇಲರಿನ ಕೆಳಗೆ ಜೋತುಬಿದ್ದ ವಾಲ್ವ್ ಬದುವಿಗೋ ಕಲ್ಲಿಗೋ ತಗಲಿ ಒಡೆಯುವುದು.

ದೋಷ ಗುರುತಿಸುವ ಬಗೆ

• ಮುಚ್ಚಿದರೂ ಬಾಯಿಯಿಂದ ತೊಟ್ಟಿಕ್ಕಿದರೆ: ಸಂದಿಯಲ್ಲಿ ಕಸ ಸೇರಿದೆ ಅಥವಾ ರಬ್ಬರ್ ಸೀಲು ಹರಿದಿದೆ.
• ಸರಳಿನ ಬುಡದಲ್ಲಿ ಒಸರಿದರೆ: ಸರಳಿನ ಸುತ್ತಲಿನ ಸೀಲು ಸವೆದಿದೆ.
• ಹಿಡಿ ಸಲೀಸಾಗಿ ಆಡಿದರೂ ಬಗ್ಗಡ ಬಾರದಿದ್ದರೆ: ಸರಳು ತಗಡಿನಿಂದ ಕಳಚಿದೆ ಅಥವಾ ವಾಲ್ವಿನ ಹಿಂದೆ ಕಸ ಕಟ್ಟಿದೆ.
• ಹಿಡಿ ಅಲುಗದಿದ್ದರೆ: ತಗಡು ಕಚ್ಚಿಕೊಂಡಿದೆ. ಹೊರಗಿನಿಂದ ಬಿಸಿನೀರು ಸುರಿದು ಸ್ವಲ್ಪ ಹೊತ್ತು ನೆನೆಸಿ, ಹಿಂದೆ ಮುಂದೆ ಮೆಲ್ಲಗೆ ಆಡಿಸಿ.

ದುರಸ್ತಿಯ ಕ್ರಮ

1. ಟ್ರೇಲರನ್ನು ಸಮತಟ್ಟಾದ ಬಯಲಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. 1000 ಲೀಟರ್ ಬಗ್ಗಡ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆಂಬುದು ನೆನಪಿರಲಿ.

2. ಮೇಲಿನ ಬಾಯಿಯಿಂದ ಪಂಪಿನ ಪೈಪು ಇಳಿಸಿ ಬಗ್ಗಡವನ್ನು ಗುಂಡಿಗೆ ಖಾಲಿಮಾಡಿ. ತಳದಲ್ಲಿ ಗಟ್ಟಿ ಉಳಿದರೆ ನೀರು ಬೆರೆಸಿ ಮತ್ತೆ ಹೀರಿಸಿ. ಬಾಯಿಯ ಮೇಲೆ ಬಗ್ಗಬೇಡಿ, ಬೀಡಿ ಹಚ್ಚಬೇಡಿ. ಖಾಲಿಯಾದ ಟ್ಯಾಂಕಿನೊಳಗೂ ತಲೆ ಹಾಕಬಾರದು.

3. ವಾಲ್ವಿನ ಕೆಳಗೆ ಬಾನಿ ಇಟ್ಟು, ಪಕ್ಕಕ್ಕೆ ನಿಂತು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಉಳಿದ ಬಗ್ಗಡ ಒಮ್ಮೆಗೇ ಚಿಮ್ಮದು.

4. ಸಂದಿಯನ್ನು ಬಿದಿರಿನ ಕಡ್ಡಿಯಿಂದ ಶುಚಿಮಾಡಿ. ಸ್ಕ್ರೂ ಡ್ರೈವರ್ ಬಳಸಿದರೆ ಗೀರು ಬಿದ್ದು ಅಲ್ಲೇ ಸೋರುತ್ತದೆ. ತಗಡಿನ ಅಂಚಿನಲ್ಲಿ ಮುಳ್ಳೆದ್ದಿದ್ದರೆ ಅರದಿಂದ ಉಜ್ಜಿ ನುಣುಪು ಮಾಡಿ.

5. ಎರಡೂ ಬದಿಯ ಸೀಲುಗಳನ್ನು ಒಟ್ಟಿಗೇ ಬದಲಿಸಿ. ನೈಟ್ರೈಲ್ ರಬ್ಬರಿನದು ಯೋಗ್ಯ. ಟ್ಯೂಬಿನಿಂದ ಕತ್ತರಿಸಿದ ಉಂಗುರ ತಾತ್ಕಾಲಿಕ. ಬಂಡಿಗೆ ಹಚ್ಚುವ ಗ್ರೀಸ್ ತಗಲಿದರೆ ಅದು ಉಬ್ಬುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚಿ.

6. ಬೋಲ್ಟುಗಳನ್ನು ಎದುರುಬದುರಾಗಿಯೇ ಬಿಗಿಮಾಡಿ, ಕಾಲು ಟ್ಯಾಂಕು ತಿಳಿನೀರು ತುಂಬಿ, ಅರ್ಧ ಗಂಟೆ ನೋಡಿ. ತೊಟ್ಟಿಕ್ಕದಿದ್ದರೆ ಬಗ್ಗಡ ತುಂಬಬಹುದು.

ಪಿ.ವಿ.ಸಿ. ವಾಲ್ವಿನ ಮೈ ಬಿರುಕು ಬಿಟ್ಟಿದ್ದರೆ ಅಂಟಿನ ತೇಪೆ ಬಾಳದು, ಬದಲಿಸುವುದೇ ಸರಿ. ಹೊಸದನ್ನು ಬೋಲ್ಟಿನ ಜೋಡಣೆಯಿಂದ ಕೂರಿಸಿದರೆ ಮುಂದಿನ ಸಲ ಪೈಪು ಕತ್ತರಿಸಬೇಕಾಗಿಲ್ಲ. ಅಂಟಿಸಿದ ಜಾಗಕ್ಕೆ ಒಂದು ದಿನ ಬಿಡುವು ಕೊಡಿ. ಕಬ್ಬಿಣದ ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ ಅದು ಮನೆಯ ಕೆಲಸವಲ್ಲ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಸೇರಿದ್ದರೆ ಒಂದು ಕಿಡಿ ಸಾಕು, ಟ್ಯಾಂಕು ಸಿಡಿಯುತ್ತದೆ.

ಮತ್ತೆ ಕೆಡದಂತೆ

ಪ್ರತಿದಿನದ ಕೆಲಸ ಮುಗಿದ ಮೇಲೆ ಎರಡು ಬಿಂದಿಗೆ ನೀರು ಹಾಯಿಸಿ, ವಾಲ್ವನ್ನು ಎರಡು ಮೂರು ಸಲ ತೆರೆದು ಮುಚ್ಚಿ. ತುಂಬುವಾಗ ಜಾಲರಿಯಲ್ಲಿ ಸೋಸಿ. ವಾಲ್ವಿನ ಸುತ್ತ ಕಬ್ಬಿಣದ ಪಟ್ಟಿಯ ಕಾವಲು ಹಾಕಿಸಿ. ಪೈಪಿನ ತುದಿಗೆ ತಿರುಪಿನ ಮುಚ್ಚಳವಿದ್ದರೆ ಸೀಲು ಸೋತರೂ ಬಗ್ಗಡ ರಸ್ತೆಯ ಪಾಲಾಗುವುದಿಲ್ಲ. ಬಗ್ಗಡದ ಸಾರಜನಕದಲ್ಲಿ ಒಂದು ಪಾಲು ಅಮೋನಿಯ ರೂಪದಲ್ಲಿರುವುದರಿಂದ, ಬಿಸಿಲಿಗೆ ಚೆಲ್ಲಿದರೆ ಆ ಪಾಲು ಬೇಗ ಗಾಳಿಗೆ ಹೋಗುತ್ತದೆ. ಸೋರಿದ್ದು ಬರಿಯ ನೀರಲ್ಲ, ನಿಮ್ಮ ಗೊಬ್ಬರ.

ಆ ದಿನ ನಾವು ನೀರು ಬೆರೆಸಿ ಪಂಪಿನಿಂದ ಟ್ಯಾಂಕು ಖಾಲಿಮಾಡಿ, ನೆಲದ ಮೇಲೆ ಕುಳಿತು ವಾಲ್ವ್ ಬಿಚ್ಚಿದೆವು. ಸಂದಿಯಲ್ಲಿದ್ದದ್ದು ಒಂದು ಹಿಡಿ ಒಣಹುಲ್ಲು ಮತ್ತು ಹುಣಸೆ ಬೀಜದಷ್ಟು ಗಾತ್ರದ ಒಂದು ಕಲ್ಲು. ಯಜಮಾನರು ಆ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತಿದ್ದರು, ಮಾತಾಡಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಪ್ರಾಣವನ್ನು ಒತ್ತೆಯಿಡುವುದಂತೂ ಸಲ್ಲದು. ವಾಲ್ವ್ ಹೋದರೆ ಪೇಟೆಯಲ್ಲಿ ಸಿಗುತ್ತದೆ.